ಅಕ್ಕಿ ಗಿರಣಿಯ ಮನೆಯಲ್ಲಿ ಅನ್ನ ಬಿಟ್ಟವನು

ಹಸಿವು ಎಂದರೆ ಏನೆಂದು ನಲವತ್ತು ದಾಟುವವರೆಗೂ ನನಗೆ ಗೊತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಏಕೆಂದರೆ ನಾನು ಜೂನಿಯರ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು. ಬೇಡಿಕೆ, ಪೂರೈಕೆ ಎಂದು ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ವರ್ಷಗಟ್ಟಲೆ ಸಂಬಳ ತೆಗೆದುಕೊಂಡವನು. ನಮ್ಮ ಮನೆಯಲ್ಲಿ ಮಾತ್ರ ಬೇಡಿಕೆ ಹುಟ್ಟುವ ಮೊದಲೇ ಪೂರೈಕೆ ಬಂದು ತಟ್ಟೆಯಲ್ಲಿ ಕೂತಿರುತ್ತಿತ್ತು. ಶಿಕಾರಿಪುರದಲ್ಲಿ ನಮ್ಮದು ಅಕ್ಕಿ ಗಿರಣಿ. ಅಣ್ಣ ಅದನ್ನು ನಡೆಸುತ್ತಾನೆ, ನಾನು ಅದರ ಹಿಂದಿನ ಮನೆಯಲ್ಲಿ ಉಣ್ಣುತ್ತೇನೆ. ಕೆಲಸದ ಹಂಚಿಕೆ ಎಂದು ನಾನು ಪಾಠ ಮಾಡುವುದು ಇದಕ್ಕೇ. ಮಧ್ಯಾಹ್ನ ಗಿರಣಿಯ ಬೆಲ್ಟು ನಿಂತು ಸದ್ದಡಗಿತೆಂದರೆ ಊಟದ ಹೊತ್ತು. ಹೊಟ್ಟೆಯನ್ನು ಯಾರೂ ಕೇಳುತ್ತಿರಲಿಲ್ಲ. ಹೊಟ್ಟೆಯೂ ತನ್ನನ್ನು ಕೇಳಲಿ ಎಂದು ಕಾಯುತ್ತಿರಲಿಲ್ಲ.

ನಮ್ಮ ಕಡೆ ಮನುಷ್ಯ ಉಣ್ಣದೆ ಇರುವುದಕ್ಕೆ ಒಪ್ಪಿತವಾದ ಕಾರಣಗಳಿವೆ. ಜ್ವರ ಬಂದಿರಬೇಕು, ಇಲ್ಲವೆ ದೇವರ ಹೆಸರಿನಲ್ಲಿ ಉಪವಾಸ ಹಿಡಿದಿರಬೇಕು. ಎರಡೂ ಅಲ್ಲವೆಂದರೆ ಅವನಿಗೆ ಮನೆಯವರ ಮೇಲೆ ಸಿಟ್ಟು ಬಂದಿದೆ ಎಂದು ಅರ್ಥ. ‘ಹಸಿವಿಲ್ಲ’ ಎಂಬುದು ಇವುಗಳ ಪೈಕಿ ಇಲ್ಲವೇ ಇಲ್ಲ. ‘ಹಸಿವಿಲ್ಲ’ ಎಂದರೆ ನಮ್ಮಲ್ಲಿ ಜನ ಬಡಿಸುವುದನ್ನು ನಿಲ್ಲಿಸುವುದಿಲ್ಲ; ಯಾರು ಏನಂದರು ಎಂದು ವಿಚಾರಿಸಲು ಶುರು ಮಾಡುತ್ತಾರೆ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಶಿವಮೊಗ್ಗದ ಡಾಕ್ಟರೊಬ್ಬರು ನನ್ನ ರಕ್ತದಲ್ಲಿ ಸಕ್ಕರೆ ಏರಿದೆ ಎಂದರು. ಅವರು ಕಪ್ಪು ಚೌಕಟ್ಟಿನ ದಪ್ಪ ಕನ್ನಡಕ ಹಾಕಿದ್ದರು ಎಂದು ಹೇಳಲು ಹೊರಟಿದ್ದೆ. ಈಗ ಯೋಚಿಸಿದರೆ ಆ ಕನ್ನಡಕ ನಮ್ಮ ಪ್ರಿನ್ಸಿಪಾಲರದು. ನನ್ನ ನೆನಪು ಹೀಗೇ. ಒಬ್ಬರ ಸಾಮಾನು ತೆಗೆದು ಇನ್ನೊಬ್ಬರ ಮುಖಕ್ಕೆ ಹಾಕುತ್ತದೆ. ಡಾಕ್ಟರ ಮುಖ ನೆನಪಿಲ್ಲ, ಮಾತು ನೆನಪಿದೆ.

“ನಿಮಗೆ ಹಸಿವಾಗ್ತದೆಯೇ?” ಎಂದು ಕೇಳಿದರು.

“ಹೊತ್ತಿಗೆ ಸರಿಯಾಗಿ ಆಗ್ತದೆ ಸಾರ್.”

“ಅದು ಗಡಿಯಾರ. ನಾನು ಕೇಳಿದ್ದು ಹಸಿವು.”

ಮಾತ್ರೆಗೆ ಮೊದಲು ಒಂದು ಪಥ್ಯ ಮಾಡಿ ನೋಡೋಣ ಎಂದರು. ಕೀಟೋಜೆನಿಕ್ ಎಂದು ಅದರ ಹೆಸರು. ಮೂರ್ಛೆರೋಗದ ಮಕ್ಕಳಿಗೆ ಹಿಂದಿನಿಂದ ಕೊಡುತ್ತಿದ್ದ ಪಥ್ಯವಂತೆ, ಸಕ್ಕರೆಗೂ ಕೆಲವರು ಮಾಡಿಸುತ್ತಿದ್ದಾರಂತೆ. ಅನ್ನ, ರೊಟ್ಟಿ, ಬೆಲ್ಲ, ಬಾಳೆಹಣ್ಣು, ಆಲೂಗಡ್ಡೆ ಬಂದ್. ತುಪ್ಪ, ಬೆಣ್ಣೆ, ಕೊಬ್ಬರಿ, ಸೊಪ್ಪು, ಬದನೆ, ಬೆಂಡೆ ತಿನ್ನಬಹುದು. ರಾತ್ರಿ ಊಟ ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಕೊನೆಗೆ ಹೇಳಿದರು: “ಹಸಿವಾದರೆ ತಿನ್ನಿ. ಆಗದಿದ್ದರೆ ಸುಮ್ಮನಿರಿ. ತುಪ್ಪ ತಿನ್ನಬಹುದು ಅಂತ ಹಸಿವಿಲ್ಲದೆ ತುಪ್ಪ ತಿನ್ನಬೇಡಿ.” ಎಷ್ಟು ಸುಲಭದ ಮಾತು ಎಂದುಕೊಂಡು ಬಸ್ಸು ಹತ್ತಿದೆ. ಸುಮ್ಮನಿರುವುದಕ್ಕೆ ಮನುಷ್ಯನಿಗೆ ಏನು ಖರ್ಚು? ನಾನು ಆಗ ನನ್ನ ಹೊಟ್ಟೆಯ ಬಗ್ಗೆ ಮಾತ್ರ ಯೋಚಿಸಿದ್ದೆ. ನಮ್ಮ ಅತ್ತಿಗೆಯ ಬಗ್ಗೆ ಯೋಚಿಸಿರಲಿಲ್ಲ.

ಅತ್ತಿಗೆ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಅವ್ವ ಹೋದ ಮೇಲೆ ನನಗೆ ಉಣಬಡಿಸಿದವರು ಅವರೇ. ಹಾಗಾಗಿ ನನ್ನ ಹೊಟ್ಟೆ ತಮ್ಮ ಸ್ವಂತ ಆಸ್ತಿ ಎಂದು ಅವರು ನಂಬಿದ್ದರಲ್ಲಿ ತಪ್ಪಿಲ್ಲ. ಅನ್ನ ಬಿಡುತ್ತೇನೆ ಎಂದು ನಾನು ಹೇಳಿದಾಗ ಅವರು ಅಣ್ಣನ ಮುಖ ನೋಡಿದರು. ಅಣ್ಣ ಗಿರಣಿಯ ಕಡೆ ನೋಡಿದ.

“ಅನ್ನ ಬಿಟ್ರೆ ಮತ್ತೇನು ಉಳೀತೋ ತಮ್ಮ?” ಎಂದ. ಅದು ವ್ಯಂಗ್ಯವಲ್ಲ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ.

“ಮೂರ್ಛೆರೋಗದ ಪಥ್ಯ ಅಂದ್ಯಲ್ಲ,” ಎಂದು ಅತ್ತಿಗೆ ಮೆಲ್ಲಗೆ ಕೇಳಿದರು. “ಯಾವಾಗಿಂದ ಬರ್ತತೆ ನಿಂಗೆ?”

ಬರುವುದಿಲ್ಲ ಎಂದು ಅವರಿಗೆ ಮನವರಿಕೆ ಮಾಡಲು ಆ ಸಂಜೆ ಹೋಯಿತು. ಅದಾದ ಮೇಲೂ ಒಂದು ತಿಂಗಳು, ನಾನು ಬಾವಿಯ ಹತ್ತಿರ ಹೋದಾಗಲೆಲ್ಲ ಅವರು ಏನೋ ನೆಪ ಮಾಡಿಕೊಂಡು ಹಿಂದೆ ಬರುತ್ತಿದ್ದರು.

ನಮ್ಮ ಮನೆಯ ಊಟಕ್ಕೆ ಒಂದು ಕಟ್ಟಳೆ ಇದೆ. ತಟ್ಟೆಗೆ ಬಿದ್ದದ್ದು ಪ್ರಸಾದ. ಅದರಲ್ಲಿ ಒಂದು ಅಗುಳೂ ಬಿಡುವಂತಿಲ್ಲ. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯಬೇಕು. ನಾನು ಅರ್ಥಶಾಸ್ತ್ರದವನು, ಇಷ್ಟು ಚೊಕ್ಕ ವ್ಯವಸ್ಥೆಯನ್ನು ಬೇರೆಲ್ಲೂ ಕಂಡಿಲ್ಲ. ಆದರೆ ಇದರಲ್ಲಿ ಒಂದು ತೊಡಕಿದೆ. ತಟ್ಟೆಯೊಳಗಿನದಕ್ಕೆ ಉಣ್ಣುವವನು ಹೊಣೆ, ತಟ್ಟೆಗೆ ಏನು ಬೀಳಬೇಕೆಂಬುದು ಬಡಿಸುವವರ ಕೈಯಲ್ಲಿದೆ. ಅತ್ತಿಗೆಯ ಸೌಟು ಮಾತು ಮುಗಿಯುವ ಮೊದಲೇ ಬರುತ್ತಿತ್ತು. ‘ಸಾ’ ಎನ್ನುವಷ್ಟರಲ್ಲಿ ಪಲ್ಯ ಬಿದ್ದಿರುತ್ತಿತ್ತು, ‘ಕು’ ಎನ್ನುವಾಗ ಅದರ ಮೇಲೆ ತುಪ್ಪ. ನಾನು ಕೈ ಅಡ್ಡ ಹಿಡಿದರೆ ಬೆರಳುಗಳ ಸಂದಿಯಲ್ಲಿ ಬಡಿಸುತ್ತಿದ್ದರು. ತುಪ್ಪ ತಿನ್ನಬಹುದೆಂದು ಡಾಕ್ಟರು ಹೇಳಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಅದರ ಮುಂದಿನ ವಾಕ್ಯ ಮಾತ್ರ ಯಾವ ಕಿವಿಗೂ ಬಿದ್ದಿರಲಿಲ್ಲ. ಮೊದಲ ತಿಂಗಳು ನಾನು ಅನ್ನ ಬಿಟ್ಟು, ಹಸಿವಿಲ್ಲದೆ, ಮೊದಲಿಗಿಂತ ಹೆಚ್ಚು ತಿಂದೆ.

ರಾತ್ರಿ ಉಪವಾಸದ್ದು ಇನ್ನೂ ದೊಡ್ಡ ಪಾಡು. “ಉಪವಾಸ” ಎಂದ ತಕ್ಷಣ ಅತ್ತಿಗೆಯ ಮುಖ ಅರಳಿತು. “ಒಳ್ಳೇದಾತು. ಯಾವ ದೇವ್ರಿಗೆ?” ಎಂದು ಕೇಳಿದರು. ಯಾವ ದೇವರಿಗೂ ಅಲ್ಲ, ಸಕ್ಕರೆಗೆ ಎಂದೆ. ಅವರಿಗೆ ಅದು ಸರಿಬರಲಿಲ್ಲ. ದೇವರಿಲ್ಲದ ಉಪವಾಸ ಅವರ ದೃಷ್ಟಿಯಲ್ಲಿ ವಿಳಾಸವಿಲ್ಲದ ಕಾಗದ. ಕೊನೆಗೆ ತಾವೇ ಅದನ್ನು ಶಿವನಿಗೆ ಒಪ್ಪಿಸಿ, ಉಪವಾಸದವನಿಗೆ ಮಾಡಬೇಕಾದ ಫಲಾಹಾರ ಮಾಡಿದರು: ಸಾಬೂದಾನಿ ಉಪ್ಪಿಟ್ಟು, ಬೆಲ್ಲ ಹಾಕಿದ ಅವಲಕ್ಕಿ, ಎರಡು ಬಾಳೆಹಣ್ಣು, ಒಂದು ಲೋಟ ಸಕ್ಕರೆ ಹಾಲು. ಡಾಕ್ಟರು ಬೇಡವೆಂದದ್ದನ್ನೆಲ್ಲ ಹುಡುಕಿ ಒಂದೇ ಕಡೆ ಕೂಡಿಸಿದರೂ ಇಷ್ಟು ಸರಿಯಾಗಿ ಆಗುತ್ತಿರಲಿಲ್ಲ.

“ಅತ್ತಿಗೆ, ಉಪವಾಸ ಅಂದ್ರೆ ಏನೂ ತಿನ್ನದೆ ಇರೋದು.”

“ಏನೂ ತಿನ್ನದೆ ಉಪವಾಸ ಇರಕ್ಕೆ ಆಗ್ತತೇನು?” ಎಂದರು ಅವರು.

ಈ ಜಗಳ ನೋಡಿ ನನ್ನ ಹೆಂಡತಿ ಗಿರಿಜೆಗೆ ಸಾಕಾಗಿ ಹೋಯಿತು. ಅತ್ತಿಗೆಗೂ ನನ್ನ ಸಲುವಾಗಿ ಎಣ್ಣೆ ಹೆಚ್ಚಿಗೆ ಹಾಕಿ ಇನ್ನೊಂದು ಪಲ್ಯ, ಬೆಲ್ಲವಿಲ್ಲದ ಇನ್ನೊಂದು ಸಾರು ಮಾಡಿ ಸುಸ್ತು. ನಮ್ಮದು ಗಿರಣಿಯವರ ಮನೆಯಾದ್ದರಿಂದ ಭತ್ತದ ಹೊಟ್ಟು ಒತ್ತಿ ತುಂಬಿ ಉರಿಸುವ ದೊಡ್ಡ ಒಲೆ. ಒಮ್ಮೆ ಹೊತ್ತಿಸಿದರೆ ಹಂಡೆಯಷ್ಟು ಅನ್ನ ಬೇಯಿಸುತ್ತದೆ, ಒಂದು ಹಿಡಿ ಸೊಪ್ಪು ಬಾಡಿಸಲು ಅದು ಒಗ್ಗುವುದಿಲ್ಲ. ಗಿರಿಜೆ ಪೇಟೆಯಿಂದ ಒಂದು ಸೀಮೆಎಣ್ಣೆ ಬತ್ತಿ ಸ್ಟೌ ತಂದಳು. ಹಿತ್ತಲ ಕಡೆಯ ಜಗುಲಿಯ ಮೂಲೆಯಲ್ಲಿ ಇಟ್ಟು, ನನಗೆ ಬೇಕಾದಾಗ, ಬೇಕಾದಷ್ಟೇ ಸೊಪ್ಪು ಬಾಡಿಸಿ ಕೊಡಲು ಶುರು ಮಾಡಿದಳು. ತರಲು ಹೇಳಿದ್ದು ನಾನು ಎಂದು ಅವಳು ಹೇಳುತ್ತಾಳೆ. ಅವಳೇ ತಂದಳು ಎಂದು ನನ್ನ ನೆನಪು. ಆಮೇಲೆ ಆದದ್ದನ್ನು ನೋಡಿದರೆ, ಇಬ್ಬರೂ ಅದನ್ನು ಇನ್ನೊಬ್ಬರ ತಲೆಗೆ ಕಟ್ಟಲು ಕಾರಣವಿದೆ.

ಸ್ಟೌ ಹಚ್ಚಿದ ಮೊದಲ ದಿನವೇ ಪಕ್ಕದ ಮನೆಯ ಗೌರಮ್ಮ ಹೆಪ್ಪಿಗೆ ಒಂದು ಚಮಚ ಮಜ್ಜಿಗೆ ಕೇಳಿಕೊಂಡು ಹಿತ್ತಲಿಂದ ಬಂದರು. ಜಗುಲಿಯ ಮೇಲೆ ಕಿರಿ ಸೊಸೆ ಬೇರೆ ಸ್ಟೌ ಮುಂದೆ, ಒಳಗೆ ಹಿರಿ ಸೊಸೆ ದೊಡ್ಡ ಒಲೆ ಮುಂದೆ. ಗೌರಮ್ಮ ಏನೂ ಕೇಳಲಿಲ್ಲ. ಮಜ್ಜಿಗೆಯನ್ನೂ ಮರೆತು ಹೋದರು.

ಬೇರೆ ಊರಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಮನೆ ಪಾಲಾಗುವುದು ತಾಲ್ಲೂಕು ಕಚೇರಿಯಲ್ಲಲ್ಲ. ಪೋಡಿ, ಪಹಣಿ, ಖಾತೆ ಬದಲಾವಣೆ ಎಲ್ಲ ಆಮೇಲಿನ ಮಾತು. ಒಂದು ಮನೆಯಲ್ಲಿ ಎರಡನೆಯ ಒಲೆ ಹೊತ್ತಿತು ಎಂದರೆ ಅವತ್ತೇ ಅಣ್ಣತಮ್ಮಂದಿರು ಬೇರೆಯಾದರು ಎಂದು ಲೆಕ್ಕ. ನಮ್ಮ ಚಿಕ್ಕಪ್ಪನ ಕಾಲದಲ್ಲಿ ಹಾಗೇ ಆಗಿತ್ತು: ಮೊದಲು ಒಲೆ, ಆಮೇಲೆ ನಡುಮನೆಗೆ ಅಡ್ಡಗೋಡೆ. ಗೋಡೆ ಕಟ್ಟುವಾಗ ಅಪ್ಪ ಅತ್ತದ್ದು ನನಗೆ ನೆನಪಿದೆ ಎನ್ನುತ್ತಿದ್ದೆ. ಆ ಗೋಡೆ ನಾನು ಹುಟ್ಟುವ ಮೊದಲಿನದು ಎಂದು ಅಣ್ಣ ಒಮ್ಮೆ ಹೇಳಿದ. ಇರಲಿ, ಅತ್ತದ್ದಂತೂ ನಿಜ.

ಆ ವಾರವೇ ಕಾಲೇಜಿನ ಗೇಟಿನ ಹತ್ತಿರ ಹಾಲಪ್ಪ ಎಂಬ, ಜಮೀನು ಕೊಡಿಸುವ ಬಿಡಿಸುವ ಮನುಷ್ಯ ಸೈಕಲ್ ನಿಲ್ಲಿಸಿಕೊಂಡು ಕಾಯುತ್ತಿದ್ದ.

“ಮೇಷ್ಟ್ರೇ, ಕೆರಿ ಕೆಳಗಿನ ಗದ್ದಿ ನಿಮ್ಮ ಪಾಲಿಗೆ ಬರ್ತತಂತಲ್ರೀ. ನೀವಂತೂ ಬೇಸಾಯ ಮಾಡಲ್ಲ. ಕೊಡಾದಿದ್ರೆ ಒಂದು ಮಾತು ನಂಗೇ ಹೇಳ್ರಿ.”

“ಯಾವ ಪಾಲು? ಯಾರು ಹೇಳಿದ್ದು?”

“ಹೋಗ್ಲಿ ಬಿಡ್ರಿ, ಒಳಗಿನ ಮಾತು,” ಎಂದು ಆತ ಕಣ್ಣು ಕಿರಿದು ಮಾಡಿದ. “ಒಲಿ ಬ್ಯಾರೆ ಮಾಡ್ಯಾರೆ ಅಂತ ಊರಿಗೇ ಗೊತ್ತೈತೆ. ಹೆಂಗಸ್ರ ಜಗಳಾನಾ?”

“ಜಗಳ ಅಲ್ಲ ಮಾರಾಯ, ಪಥ್ಯ.”

“ಹಂಗೇ ಹೇಳ್ಬೇಕು ಮೇಷ್ಟ್ರೇ,” ಎಂದು ಹಾಲಪ್ಪ ಮೆಚ್ಚುಗೆಯಿಂದ ತಲೆಯಾಡಿಸಿದ. “ಓದಿದೋರು ನೋಡ್ರಿ. ಮನೆ ಮಾನ ಬಿಡಬಾರ್ದು.”

ನಾನು ಎಷ್ಟು ನಿಜ ಹೇಳಿದರೂ ಅದು ಮರ್ಯಾದಸ್ಥನ ಸುಳ್ಳಿನ ಹಾಗೆ ಕೇಳಿಸುತ್ತಿತ್ತು. ಸ್ಟಾಫ್ ರೂಮಿನಲ್ಲಿ ಒಬ್ಬರು, ಹೊಸ ಮನೆ ಕಟ್ಟುವುದಾದರೆ ಜಾಗ ಎಲ್ಲಿ ನೋಡುತ್ತಿದ್ದೀರಿ ಎಂದು ಕೇಳಿದರು. ಇದೆಲ್ಲವನ್ನೂ ನಕ್ಕು ತಳ್ಳಿಬಿಡಬಹುದಿತ್ತು. ಆದರೆ ಅಣ್ಣ ನನ್ನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟ.

ನಾವಿಬ್ಬರೂ ಮಧ್ಯಾಹ್ನ ಒಟ್ಟಿಗೆ ಕೂರುವುದು ವಾಡಿಕೆ. ನಾನು ಕಾಲೇಜಿನಿಂದ ಬರುವುದು ತಡವಾದರೆ ಕಾಯುತ್ತಿದ್ದ. ಏನೂ ಮಾತಾಡುತ್ತಿರಲಿಲ್ಲ, ಮೈಮೇಲಿನ ತೌಡಿನ ಪುಡಿ ಕೊಡವಿಕೊಂಡು ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ, ಅಷ್ಟೆ. ಈಗ “ಗಿರಣ್ಯಾಗ ಕೆಲ್ಸ ಐತೆ, ನೀವು ಉಣ್ರಿ” ಎಂದು ಹೇಳಿಕಳಿಸುತ್ತಿದ್ದ. ಬುತ್ತಿ ಅಲ್ಲಿಗೇ ಹೋಗುತ್ತಿತ್ತು. ನಾನು ಗಿರಣಿಗೆ ಹೋದರೆ ಚೀಲದ ಬಾಯಿ ಹೊಲಿಯುವವರ ಕಡೆ ತಿರುಗಿ ನಿಲ್ಲುತ್ತಿದ್ದ. ಮುಖ ಬಾಡಿತ್ತು, ಅಂಗಿ ಸಡಿಲವಾಗಿತ್ತು. ಊರು ಹೇಳುವುದನ್ನು ಅವನೂ ನಂಬಿದನೇ? ನೇರವಾಗಿ ಕೇಳಬಹುದಿತ್ತು. ಆದರೆ “ಅಣ್ಣ, ನಾವು ಪಾಲಾಗಿಲ್ಲ ಅಲ್ಲವಾ” ಎಂದು ಕೇಳುವುದೇ ಪಾಲಿನ ಮಾತು ಎತ್ತಿದಂತೆ. ಹಸಿವಿಲ್ಲದಾಗ ಉಣ್ಣದೆ ಇರುವ ಸ್ವಾತಂತ್ರ್ಯಕ್ಕಾಗಿ ಹೊರಟವನಿಗೆ ಈಗ ಹಸಿವು ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುವ ವ್ಯವಧಾನವೂ ಇರಲಿಲ್ಲ. ಸ್ಟೌ ಬಿಸಾಡು ಎಂದು ಗಿರಿಜೆಗೆ ಹೇಳಿದೆ. “ಈಗ ಬಿಸಾಡಿದ್ರೆ ಪಾಲಾಗಿದ್ದು ನಿಜ, ಹಿರೇರು ಕೂತು ಒಂದು ಮಾಡಿದ್ರು ಅಂತಾರೆ ಕಣ್ರೀ,” ಎಂದಳು. ಹೌದಲ್ಲ ಎನಿಸಿತು.

ಸುದ್ದಿ ಮುಟ್ಟಿ, ಸೊರಬದಿಂದ ಅಕ್ಕ ಗಿರಣಿಗೆ ಫೋನ್ ಮಾಡಿದಳು. ಅಣ್ಣನಿಗೂ ನನಗೂ ನಡುವೆ ಹುಟ್ಟಿದವಳು ಶಾರದಕ್ಕ. ಅವಳನ್ನು ಸೊರಬದ ಬಟ್ಟೆ ಅಂಗಡಿಯವರಿಗೆ ಕೊಟ್ಟು ವರ್ಷಗಳಾಗಿವೆ. ಅವಳ ಮಾತು ಅಲ್ಲಿನದೇ ಆಗಿದೆ, ಸಿಟ್ಟು ಬಂದಾಗ ಮಾತ್ರ ಶಿಕಾರಿಪುರಕ್ಕೆ ಮರಳುತ್ತದೆ. ಫೋನಿನಲ್ಲಿ ಪೂರ್ತಿ ಶಿಕಾರಿಪುರವೇ ಕೇಳಿಸಿತು. “ಭಾನುವಾರ ಇಬ್ರೂ ಬರ್ರಿ. ಹೆಂಗಸ್ರನ್ನೂ ಕರ್ಕಂಡು ಬರ್ರಿ. ನೆಪ ಹೇಳಬ್ಯಾಡ್ರಿ.”

ಗಿರಣಿಯ ಹಳೆಯ ಜೀಪಿನಲ್ಲಿ ಹೊರಟೆವು. ಶಿರಾಳಕೊಪ್ಪದವರೆಗೂ ಯಾರೂ ಮಾತಾಡಲಿಲ್ಲ, ಅಲ್ಲಿಂದ ಮುಂದೆ ರಸ್ತೆಯ ಗುಂಡಿಗಳು ಮಾತಾಡಿದವು. ಬೆಳಿಗ್ಗೆ ನಾನು ಕೊಬ್ಬರಿ, ಬೆಣ್ಣೆ ತಿಂದು ಹೊರಟಿದ್ದೆ; ಸಂಜೆಯವರೆಗೆ ಹಸಿವಿನ ಸುಳಿವು ಇರುವಂತಿರಲಿಲ್ಲ. ಪಥ್ಯ ಹಿಡಿಯತೊಡಗಿತ್ತು. ಹಸಿವಾಗದಿರುವುದನ್ನು ಕಂಡು ಹಿಡಿಯುವ ಕಲೆ ನನಗೆ ಕೊನೆಗೂ ಬಂದಿತ್ತು, ಅದೂ ಅದನ್ನು ಉಪಯೋಗಿಸಲಾಗದ ದಿನ.

ಅಕ್ಕನ ಮನೆಯ ನಡುಮನೆಯಲ್ಲಿ ಒಂದೇ ಒಂದು ದೊಡ್ಡ ಹಿತ್ತಾಳೆ ಹರಿವಾಣ ಇಟ್ಟಿತ್ತು. ಮದುವೆಯಲ್ಲಿ ಭೂಮದ ಊಟಕ್ಕೆ ಇಡುವುದು. ಸುತ್ತ ಐದಾರು ಜನ ಕೂತು ಉಣ್ಣಬಹುದು. ಅಕ್ಕ ಅದರ ಎದುರಿಗೆ ಎರಡೇ ಮಣೆ ಹಾಕಿದ್ದಳು.

“ಕೂರಿ ಇಬ್ರೂ. ಒಂದೇ ತಟ್ಟೆಲಿ ಉಣ್ಬೇಕು. ನಾನು ನೋಡ್ಬೇಕು,” ಎಂದಳು.

ನಾವು ಕೂತೆವು. ಅವಳು ನಡುವೆ ಅನ್ನದ ಗುಡ್ಡೆ ಹಾಕಿದಳು. ಅದರ ಸುತ್ತ ಕಡುಬು, ಅಕ್ಕಿ ರೊಟ್ಟಿ, ಹೋಳಿಗೆ, ಒಂದು ಮೂಲೆಯಲ್ಲಿ ಬದನೆಕಾಯಿ ಎಣ್ಣೆಗಾಯಿ. ತುಪ್ಪ ಎರೆದಳು. ಸೆರಗು ಸಿಕ್ಕಿಸಿ ಎದುರಿಗೇ ಕೂತಳು. ಭಾವ ಕಂಬಕ್ಕೆ ಒರಗಿ ಎಲೆಅಡಿಕೆ ಹಿಡಿದುಕೊಂಡು, ಇದು ತನ್ನ ಮನೆ ಹೌದೋ ಅಲ್ಲವೋ ಎಂಬಂತೆ ನಿಂತಿದ್ದರು.

ನಾನು ಅನ್ನ ಮುಟ್ಟುವಂತಿಲ್ಲ. ಹಾಗಾಗಿ ಅಣ್ಣ ಮೊದಲು ಕೈ ಹಾಕಲಿ, ಆಮೇಲೆ ಬದನೆಕಾಯಿಯಲ್ಲಿ ಹೇಗೋ ದಾಟಿಕೊಳ್ಳೋಣ ಎಂದು ಕಾದೆ. ಅಣ್ಣ ಅನ್ನದ ಗುಡ್ಡೆಯನ್ನೇ ನೋಡುತ್ತ ಕೂತ. ಬೆರಳಿನಿಂದ ಅದನ್ನು ಸ್ವಲ್ಪ ನನ್ನ ಕಡೆ ಸರಿಸಿದ. ನಾನು ಸ್ವಲ್ಪ ಅವನ ಕಡೆ ಸರಿಸಿದೆ. ಅವನು ಮತ್ತೆ ಈಚೆ ತಳ್ಳಿದ. ಗದ್ದೆಯ ಬದು ಒತ್ತುವರಿ ಮಾಡುವವರು ಪಕ್ಕದವನ ನೆಲವನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ನಾವು ಬೇಡ ಬೇಡ ಎಂದು ಒಬ್ಬರ ಕಡೆಗೊಬ್ಬರು ತಳ್ಳುತ್ತಿದ್ದೆವು.

“ನೋಡಿದ್ರಾ,” ಎಂದು ಅಕ್ಕ ಭಾವನ ಕಡೆ ತಿರುಗಿದಳು. ದನಿ ಒಡೆದಿತ್ತು. “ಒಂದು ತಟ್ಟೆಗೆ ಕೈ ಹಾಕ್ತಿಲ್ಲ ಇವ್ರು. ಜನ ಹೇಳಿದ್ದು ಸುಳ್ಳಲ್ಲ.” ಆಮೇಲೆ ನಮ್ಮ ಕಡೆ ತಿರುಗಿದಾಗ ಸೊರಬ ಪೂರ್ತಿ ಬಿಟ್ಟುಹೋಗಿತ್ತು. “ಒಲಿ ಎರಡು ಮಾಡೀರಿ. ಪಂಚಮಿಗೆ ನಾನು ಯಾವ ಒಲಿ ಉಂಡಿ ತಿನ್ನಾಕೆ ಬರ್ಲಿ? ಇವನ ಮನಿಗೆ ಬಂದ್ರೆ ಅವನಿಗೆ ಸಿಟ್ಟು, ಅವನ ಮನಿಗೆ ಬಂದ್ರೆ ಇವನಿಗೆ. ತವರು ಅನ್ನಾದು ಇನ್ನ ಮುಗೀತು ನಂಗೆ.”

“ಅಕ್ಕ, ನನಗೆ ಪಥ್ಯ, ಸಕ್ಕರೆ—”

“ನಿಂಗೆ ಪಥ್ಯ. ಅವನಿಗೂ ಪಥ್ಯನಾ?”

ಅಣ್ಣ ತಲೆ ಎತ್ತಲಿಲ್ಲ. “ಹಸಿವಿಲ್ಲ ಶಾರದಾ,” ಎಂದ.

ನಲವತ್ತು ವರ್ಷ ಅವನ ಪಕ್ಕ ಕೂತು ಉಂಡಿದ್ದೇನೆ, ಒಂದು ದಿನವೂ ಹಾಗೆಂದವನಲ್ಲ. ಇತರರು ನನ್ನ ಮಾತಿಗೆ ಏನು ಅರ್ಥ ಹಚ್ಚಿದ್ದರೋ ಅದೇ ಅರ್ಥವನ್ನು ನಾನೂ ಅವನ ಮಾತಿಗೆ ಹಚ್ಚಿದೆ. ಇವನಿಗೆ ಸಿಟ್ಟು ಬಂದಿದೆ. ಮನೆ ಒಡೆಯಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಆಗ ಮಾತಾಡಿದರು. “ಅವ್ರು ಉಣ್ಣಲ್ಲವ್ವ ಶಾರದಾ. ಎಷ್ಟೊತ್ತು ಕೂತ್ರೂ ಅನ್ನ ಮುಟ್ಟಲ್ಲ.”

“ಸುಮ್ಕಿರು,” ಎಂದ ಅಣ್ಣ.

“ನೀವೇ ಸುಮ್ಕಿರ್ರಿ. ಇಷ್ಟು ದಿನ ಸುಮ್ನಿದ್ದು ಏನಾತು ಕಂಡ್ರಲ್ಲ,” ಎಂದು ಅತ್ತಿಗೆ ಈಚೆ ಬಂದರು. “ಬಳ್ಳಿಗಾವಿ ದೇವ್ರಿಗೆ ಹೇಳ್ಕಂಡಾರೆ. ತಮ್ಮನ ಸಕ್ರಿ ಇಳಿಯಾ ತನಕ ನಾನೂ ಅನ್ನ ಮುಟ್ಟಲ್ಲ ಅಂತ. ಅವನ ಎದುರಿಗೆ ಕೂತ್ರೆ ಗೊತ್ತಾಗ್ತತೆ ಅಂತ ಗಿರಣ್ಯಾಗ ಕೂತು ಬರೀ ಜೋಳದ ರೊಟ್ಟಿ ತಿಂತಾರೆ. ಹರಕಿ ಹೇಳಬಾರ್ದು, ಹೇಳಿದ್ರೆ ಫಲ ಇಲ್ಲ ಅಂತ ನಂಗೂ ಬಾಯಿ ಕಟ್ಯಾರೆ.”

ಭಾವನ ಬಾಯಲ್ಲಿ ಅಡಿಕೆ ಕಟ್ಟೆಂದಿತು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ನಮ್ಮಿಬ್ಬರನ್ನೂ ಬಾರಿ ಬಾರಿ ನೋಡಿ, “ಹಂಗಾದ್ರೆ ಈ ಅನ್ನ ಎಂತ ಮಾಡೋದು?” ಎಂದಳು. ಸೊರಬ ಮರಳಿ ಬಂದಿತ್ತು.

ಅದು ನಿಜವಾದ ಸಮಸ್ಯೆ. ತಟ್ಟೆಗೆ ಬಿದ್ದದ್ದನ್ನು ಬಿಡುವಂತಿಲ್ಲ. ನಾನು ಉಂಡರೆ ಸಕ್ಕರೆ ಏರಿ ಅಣ್ಣನ ಹರಕೆ ಉದ್ದವಾಗುತ್ತದೆ. ಅವನು ಉಂಡರೆ ಹರಕೆ ಮುರಿಯುತ್ತದೆ. ಕೊನೆಗೆ ಅಕ್ಕ, ಅತ್ತಿಗೆ, ಗಿರಿಜೆ, ಭಾವ ನಾಲ್ವರೂ ಹರಿವಾಣದ ಸುತ್ತ ಕೂತರು. ಅನ್ನ, ಕಡುಬು, ರೊಟ್ಟಿ, ಹೋಳಿಗೆ ಅವರ ಪಾಲಿಗೆ. ಎಣ್ಣೆಗಾಯಿ ನಮ್ಮ ಪಾಲಿಗೆ. ಆ ಮನೆಯಲ್ಲಿ ಅವತ್ತು ಆದ ಪಾಲು ಅದೊಂದೇ. ಮೊದಲು ಬದನೆಕಾಯಿಗೆ ಕೈ ಹಾಕಿದವನು ನಾನು ಎಂದು ನನ್ನ ನೆನಪು. ನೆನಪು ನನ್ನ ಪರವಾಗಿ ಇಷ್ಟು ಚೆನ್ನಾಗಿ ನಡೆದುಕೊಳ್ಳುವಾಗ ನನಗೆ ಸಂಶಯ ಬರುತ್ತದೆ, ಅಣ್ಣನೇ ಇರಬೇಕು. ನನಗೆ ಒಂದಿಷ್ಟೂ ಹಸಿವಿರಲಿಲ್ಲ. ಆದರೆ ನಾನು ಕೈ ನಿಲ್ಲಿಸಿದರೆ ಅವನೂ ನಿಲ್ಲಿಸುತ್ತಿದ್ದ, ನಾನು ತುತ್ತು ಎತ್ತಿದರೆ ಅವನೂ ಎತ್ತುತ್ತಿದ್ದ. ಅವನ ಸಡಿಲಾದ ಅಂಗಿ ನೋಡುತ್ತ ನಾನು ಬದನೆಕಾಯಿಯ ಮೇಲೆ ಬದನೆಕಾಯಿ ತಿಂದೆ. ಡಾಕ್ಟರಿಗೆ ಇದನ್ನು ಹೇಗೆ ವಿವರಿಸುವುದು?

ಮರುದಿನ ಅತ್ತಿಗೆ ಜಗುಲಿಯ ಮೇಲಿನ ಸ್ಟೌ ಎತ್ತಿ ಅಡುಗೆಮನೆಯೊಳಗೆ ತಂದು, ಹೊಟ್ಟಿನ ಒಲೆಯ ಪಕ್ಕದಲ್ಲಿ ಇಟ್ಟರು. ಬೆಂಕಿಕಡ್ಡಿ ಗೀರಲು ಗಿರಿಜೆಗೆ ಬಿಡಲಿಲ್ಲ. ಗೌರಮ್ಮನನ್ನು ಕರೆದು, ಅವರ ಕಣ್ಣೆದುರಿಗೇ ಒಂದು ಕಡ್ಡಿಯನ್ನು ದೊಡ್ಡ ಒಲೆಯಲ್ಲಿ ಹೊತ್ತಿಸಿ ಅದರಿಂದ ಸ್ಟೌ ಬತ್ತಿಗೆ ಮುಟ್ಟಿಸಿದರು. “ಬೆಂಕಿ ಒಂದೇ ಕಣವ್ವ. ಇದು ಒಲಿ ಅಲ್ಲ, ಒಲಿ ಮರಿ,” ಎಂದರು. ಗೌರಮ್ಮ ಈ ಸಲ ಮಜ್ಜಿಗೆ ಮರೆಯದೆ ತೆಗೆದುಕೊಂಡು ಹೋದರು. ಸಂಜೆಯೊಳಗೆ ಮನೆ ಒಂದಾದ ಸುದ್ದಿ ಊರಲ್ಲಿತ್ತು. ಹಾಲಪ್ಪ ಮಾತ್ರ ಎಷ್ಟೋ ದಿನ ನನ್ನ ಕಡೆ ನೋಡಿ, ಕೈಗೆ ಬಂದ ವ್ಯಾಪಾರ ತಪ್ಪಿಸಿದವನನ್ನು ನೋಡುವ ಹಾಗೆ ನಿಟ್ಟುಸಿರು ಬಿಡುತ್ತಿದ್ದ.

ಇಲ್ಲಿಗೆ ನನ್ನ ಕಷ್ಟ ಮುಗಿಯಿತು ಎಂದುಕೊಂಡಿರೇ? ಗುಟ್ಟು ಬಯಲಾದ್ದರಿಂದ ಹರಕೆ ನಿಂತುಹೋಗುವುದೆಂದು ನಾನೂ ಅಂದುಕೊಂಡಿದ್ದೆ. ಅಣ್ಣ ಒಪ್ಪಲಿಲ್ಲ. ದೇವರಿಗೆ ಕೊಟ್ಟ ಮಾತು ಹೆಂಡತಿ ಬಾಯಿಬಿಟ್ಟಳೆಂದು ತಪ್ಪಿಸಲಾಗದು ಎಂದ. ಅಲ್ಲಿಂದ ನನ್ನ ಸಕ್ಕರೆ ನನ್ನದಾಗಿ ಉಳಿಯಲಿಲ್ಲ. ನಾನು ಗಿರಣಿಯ ಅಂಗಳ ದಾಟಿದರೆ ಹಮಾಲರು ಚೀಲ ಕೆಳಗಿಟ್ಟು, “ಎಷ್ಟು ಇಳೀತ್ರಿ ಮೇಷ್ಟ್ರೇ?” ಎನ್ನುತ್ತಿದ್ದರು. ಗಿರಣಿ ಸಾವಕಾರರೇ ಅನ್ನ ಬಿಟ್ಟರೆ ಆ ಗಿರಣಿಯ ಅಕ್ಕಿಯಲ್ಲಿ ಏನೋ ಇರಬೇಕು ಎಂದು ಗಿರಾಕಿಗಳು ಅನುಮಾನಿಸಲು ಶುರು ಮಾಡಿದ್ದರಂತೆ. ಜೋಳದ ರೊಟ್ಟಿ ತಿಂದು ತಿಂದು ಅಣ್ಣ ಎಲ್ಲರ ಮೇಲೂ ಹರಿಹಾಯುತ್ತಿದ್ದ, ಎಲ್ಲರೂ ನನ್ನನ್ನು ನೋಡುತ್ತಿದ್ದರು. ಸಹೋದ್ಯೋಗಿಯ ಮಗಳ ಮದುವೆಯಲ್ಲಿ ಒಂದು ಹೋಳಿಗೆಯ ಚೂರು ಬಾಯಿಯ ಹತ್ತಿರ ತಂದೆ. ಅದು ಒಳಗೆ ಹೋದರೆ ಅಣ್ಣನ ಅನ್ನ ಇನ್ನಷ್ಟು ದೂರ ಹೋಗುತ್ತದೆ ಎನಿಸಿ, ಪಕ್ಕದವರ ಎಲೆಗೆ ದಾಟಿಸಿದೆ. ಸ್ವಂತ ಆರೋಗ್ಯಕ್ಕಾಗಿ ನಾನು ಇಷ್ಟು ಕಟ್ಟುನಿಟ್ಟಾಗಿರುತ್ತಿರಲಿಲ್ಲ. ಕದ್ದು ತಿನ್ನುವ ಸುಖವನ್ನೂ ಆ ದೇವರು ಕಿತ್ತುಕೊಂಡ.

ಕೊನೆಗೊಮ್ಮೆ ಶಿವಮೊಗ್ಗದ ಡಾಕ್ಟರು ಸಕ್ಕರೆ ಇಳಿದಿದೆ ಎಂದರು. ಹೀಗೇ ಮುಂದುವರಿಸಿ, ಆಗಾಗ ಬಂದು ತೋರಿಸಿ ಎಂದರು. ಆಸ್ಪತ್ರೆಯ ಹೊರಗಿನ ಬೂತಿನಿಂದಲೇ ಗಿರಣಿಗೆ ಫೋನ್ ಮಾಡಿದೆ. ನಾನು ಮನೆ ಮುಟ್ಟುವಷ್ಟರಲ್ಲಿ ಅತ್ತಿಗೆ ಬಳ್ಳಿಗಾವಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಿದ್ದರು. ಸಕ್ಕರೆ ಇಳಿಸಿದ ಕೀರ್ತಿಯಲ್ಲಿ ಡಾಕ್ಟರಿಗಾಗಲಿ ಸೊಪ್ಪಿಗಾಗಲಿ ಏನೂ ಪಾಲು ಸಿಗಲಿಲ್ಲ. ನನಗಂತೂ ಸಿಗಲೇ ಇಲ್ಲ.

ಆ ಮಧ್ಯಾಹ್ನ ಅಣ್ಣ ನನ್ನ ಪಕ್ಕ ಬಂದು ಕೂತ. ಅತ್ತಿಗೆ ಅವನಿಗೆ ಬಿಸಿ ಅನ್ನ ಹಾಕಿ, ಸಾರು ಎರೆದು, ಮೇಲೆ ತುಪ್ಪ ಹಾಕಿದರು. ಅವನು ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ. ನನ್ನ ಸೊಪ್ಪು ಮುಗಿದಿತ್ತು. ಅನ್ನದ ಆವಿ ನನ್ನ ಕಡೆಗೇ ಬರುತ್ತಿತ್ತು. ಎಣ್ಣೆಗಾಯಿಯ ಪಾತ್ರೆ ಹಿಡಿದು ಅತ್ತಿಗೆ ನನ್ನ ಮುಂದೆ ಬಂದರು, ಸೌಟು ಎತ್ತಿ ಹಿಡಿದು ನಿಂತರು.

“ಹಸಿವೈತೇನೋ ಶಂಭು?” ಎಂದು ಕೇಳಿದರು.

ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಅವರು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ನಾನು ಶಾಸ್ತ್ರಪ್ರಕಾರ ಹೊಟ್ಟೆಯನ್ನು ವಿಚಾರಿಸಿ, “ಇಲ್ಲ ಅತ್ತಿಗೆ,” ಎಂದೆ.

“ಸರಿ,” ಎಂದು ಅವರು ಸೌಟನ್ನು ಪಾತ್ರೆಗೆ ಇಳಿಸಿ ಅಣ್ಣನ ಕಡೆ ಹೋದರು.

ನಾನು ಖಾಲಿ ತಟ್ಟೆಯ ಮುಂದೆ ಕೂತೇ ಇದ್ದೆ. ಇನ್ನೊಂದು ಸಲ ಕೇಳುತ್ತಾರೆ ಎಂದು ಕಾದೆ. ಕೇಳಲಿಲ್ಲ. ಅಣ್ಣನಿಗೆ ಎರಡನೆಯ ಸಲ ಅನ್ನ ಹಾಕಿ, ಅವನ ಅಡ್ಡ ಹಿಡಿದ ಕೈಯ ಬೆರಳ ಸಂದಿಯಲ್ಲಿ ತುಪ್ಪ ಎರೆದು, ನನ್ನ ಕಡೆ ತಿರುಗಿಯೂ ನೋಡದೆ ಒಳಗೆ ಹೋದರು. ನನಗೆ ಎಂಥ ಸಿಟ್ಟು ಬಂತೆಂದರೆ, ಸಂಜೆಯವರೆಗೂ ಯಾರೊಡನೆಯೂ ಮಾತಾಡಲಿಲ್ಲ. ಒಂದು ಸಲ ಇಲ್ಲ ಎಂದ ಮಾತ್ರಕ್ಕೆ ನಂಬಿಬಿಡುವುದೇ?